ತಲಕಾಡು: ಮರಳ ದಿಬ್ಬಗಳ ಚೆಲುವು, ಕಾವೇರಿಯ ಸುಳಿಯ ಎಚ್ಚರ

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿಟಿಎಂ ಬಡಾವಣೆಯ ನಿವಾಸಿಗಳಿಗೆ ಕಡಲತೀರ ಬಲು ದೂರ. ಆದರೆ ಮರಳ ದಿಬ್ಬ ಮತ್ತು ನೀರಿನ ದಂಡೆ ಎರಡನ್ನೂ ಒಂದೇ ದಿನದಲ್ಲಿ ಕಂಡು ಹಿಂತಿರುಗಬಹುದಾದ ತಾಣವೊಂದು ಸುಮಾರು 130 ಕಿ.ಮೀ. ಅಂತರದಲ್ಲಿದೆ. ಅದು ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ತಲಕಾಡು.

ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ಮಾರ್ಗವಾಗಿ ಇಲ್ಲಿಗೆ ತಲುಪಬಹುದು.

ಮರಳು ಬಂದುದು ಹೇಗೆ?

ಗಂಗರ ರಾಜಧಾನಿಯಾಗಿದ್ದ ತಲಕಾಡನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನ, 1117ರಲ್ಲಿ ಇಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದನು. ಕಾಲಾನಂತರದಲ್ಲಿ ಊರಿನ ಬಹುಭಾಗ ಮರಳಿನಡಿ ಸೇರಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲಮೇಲಮ್ಮ ನೀಡಿದ ಶಾಪವೇ ಇದಕ್ಕೆ ಕಾರಣವೆಂಬುದು ಜನಜನಿತ ಐತಿಹ್ಯ.

ವಿಜ್ಞಾನದ ವಿವರಣೆ ಬೇರೆ. ಕಾವೇರಿ ಇಲ್ಲಿ ತೀವ್ರವಾಗಿ ತಿರುವು ಪಡೆಯುತ್ತದೆ. ಹರಿವು ನಿಧಾನಗೊಂಡಲ್ಲಿ ಮರಳು ಶೇಖರಗೊಳ್ಳುತ್ತದೆ. ನೀರು ತಗ್ಗಿದಾಗ ಒಣಗಿದ ಮರಳನ್ನು ಗಾಳಿ ದಡಕ್ಕೆ ತೂರುತ್ತದೆ. ಮೇಲ್ಭಾಗದಲ್ಲಿ ನಿರ್ಮಾಣವಾದ ಮಾಧವಮಂತ್ರಿ ಅಣೆಕಟ್ಟೆ ಈ ಕ್ರಿಯೆಗೆ ಇಂಬು ನೀಡಿತೆಂದು ವಿಜ್ಞಾನಿ ಹಾಗೂ ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಪ್ರತಿಪಾದಿಸಿದ್ದಾರೆ.

ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಹಾಗೂ ಮುಡುಕುತೊರೆಯ ಮಲ್ಲಿಕಾರ್ಜುನ ಇಲ್ಲಿನ ಪಂಚಲಿಂಗಗಳು. ಅಪರೂಪದ ಪಂಚಲಿಂಗ ದರ್ಶನ 2009, 2013 ಹಾಗೂ 2020ರಲ್ಲಿ ನಡೆದಿದೆ.

ನೀರಿಗಿಳಿಯುವ ಮುನ್ನ

ದಿಬ್ಬ ಇಳಿದರೆ ನದಿಯ ವಿಶಾಲ ಮರಳ ದಂಡೆ. ಮೊಣಕಾಲುದ್ದ ನೀರು ಕಂಡು ಮಕ್ಕಳೊಡನೆ ಇಳಿಯುವವರೇ ಹೆಚ್ಚು. ಅಪಾಯವಿರುವುದೂ ಇಲ್ಲಿಯೇ. ನದಿಯ ತಳ ಮರಳಿನದಾದ್ದರಿಂದ ಪ್ರವಾಹದ ಬಳಿಕ ಗುಂಡಿಗಳು ಸ್ಥಳ ಬದಲಿಸುತ್ತವೆ. ಕಳೆದ ವರ್ಷ ಈಜಿದ ಜಾಗ ಈ ವರ್ಷ ಮಡುವಾಗಿರಬಹುದು. ಕಾಲಿನಡಿಯ ಮರಳು ಕುಸಿದರೆ ಈಜು ಬಲ್ಲವರೂ ಆಯತಪ್ಪುತ್ತಾರೆ.

ಮತ್ತೊಂದು ಸಂಗತಿ ಗಮನಾರ್ಹ. ತಿರುಮಕೂಡಲಿನಲ್ಲಿ ಕಬಿನಿಯು ಕಾವೇರಿಯನ್ನು ಸೇರಿದ ನಂತರ ನದಿ ತಲಕಾಡಿಗೆ ಬರುತ್ತದೆ. ಹೀಗಾಗಿ ಕೃಷ್ಣರಾಜಸಾಗರ, ಕಬಿನಿ ಎರಡೂ ಜಲಾಶಯಗಳಿಂದ ಬಿಟ್ಟ ನೀರು ಇಲ್ಲಿ ಹರಿಯುತ್ತದೆ. ತಲಕಾಡಿನಲ್ಲಿ ಬಿಸಿಲಿದ್ದರೂ ಕೊಡಗು, ವಯನಾಡಿನಲ್ಲಿ ಸುರಿದ ಮಳೆಯಿಂದ ನೀರಿನ ಮಟ್ಟ ಏರಬಹುದು. ಮಳೆಗಾಲದಲ್ಲಿ ಹೊರಡುವ ಮುನ್ನ ಜಲಾಶಯಗಳ ಹೊರಹರಿವಿನ ಸುದ್ದಿ ಗಮನಿಸುವುದು ಕ್ಷೇಮ. ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಬಾರದು; ಹರಿಗೋಲು ಏರುವವರು ಜೀವರಕ್ಷಕ ಅಂಗಿ ಕೇಳಿ ಪಡೆಯಬೇಕು.

ರಾತ್ರಿ ತಂಗಲು

ನದಿಯ ದಡದಲ್ಲಿ ರಾತ್ರಿ ಕಳೆಯಬಯಸುವವರಿಗೆ ಹಲಗೂರಿನಿಂದ ತಿರುಗಿ ಹೋಗಬೇಕಾದ ಭೀಮೇಶ್ವರಿ ಸೂಕ್ತ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಅಲ್ಲಿದೆ. ಮುಂಗಡವಾಗಿ ಕಾಯ್ದಿರಿಸುವುದು ಒಳಿತು.

ನವೆಂಬರ್‌ನಿಂದ ಫೆಬ್ರುವರಿವರೆಗೆ ತಲಕಾಡಿನ ಭೇಟಿಗೆ ಹಿತಕರ ಕಾಲ. ಬೇಸಿಗೆಯ ಮಧ್ಯಾಹ್ನ ಮರಳು ಕಾದಿರುತ್ತದೆ. ದೇವಾಲಯಗಳಿಗೆ ಬರಿಗಾಲಲ್ಲಿ ಸಾಗುವವರು ಬೆಳಿಗ್ಗೆಯೇ ತಲುಪುವುದು ಲೇಸು.