ಜಗಲಿಯ ಹೊರಗೋಡೆಗೆ ತಕ್ಕ ದೀಪ

ಮನೆಯೊಳಗಿನ ದೀಪವನ್ನು ಆರಿಸುವಾಗ ಗೃಹಸ್ಥನು ಅಂದಚಂದವನ್ನಷ್ಟೇ ನೋಡಿದರೂ ನಡೆದೀತು. ಹೊರಗೋಡೆಯ ದೀಪಕ್ಕೆ ಅದು ಸಾಲದು. ಫರಂಗಿಪೇಟೆಯಂತಹ ನೇತ್ರಾವತಿಯ ದಡದ ಊರುಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯು ನೆಟ್ಟಗೆ ಬೀಳುವುದೆಂಬ ನೇಮವಿಲ್ಲ. ಗಾಳಿಯೊಡನೆ ಓರೆಯಾಗಿ ಬಂದು ಜಗಲಿಯ ಗೋಡೆಯನ್ನೂ ತೋಯಿಸುವುದು. ಅಂತಹ ಗೋಡೆಯಲ್ಲಿ ವಿದ್ಯುತ್ತು ಹರಿಯುವ ವಸ್ತುವೊಂದನ್ನು ನಿಲ್ಲಿಸುವವರು, ಅದರ ಕೆಳಗೆ ಮಕ್ಕಳು ಬರಿಗಾಲಿನಲ್ಲಿ ಓಡಾಡುವರೆಂಬುದನ್ನು ಮರೆಯಲಾಗದು.

ಕಳೆದ ಶತಮಾನದ ನಡುವಣ ನವ್ಯಶೈಲಿಯ ದೀಪಗಳು ಬಳ್ಳಿ, ಹೂವು, ಗಾಜಿನ ಕುಚ್ಚುಗಳೊಂದೂ ಇಲ್ಲದೆ ಬರಿಯ ಶಂಕು, ಉರುಳೆ, ಗೋಲಗಳಿಂದಾದವು. ಇವನ್ನು ಷೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ನರು 1920ರ ದಶಕದಲ್ಲಿಯೇ ಬುರುಡೆಯ ಬೆಳಕು ಕಣ್ಣಿಗೆ ಕುಕ್ಕದಂತೆ ಒಂದರ ಮೇಲೊಂದು ಮರೆಗಳನ್ನಿರಿಸುವ ಉಪಾಯವನ್ನು ಕೈಗೊಂಡಿದ್ದರು; ಆ ದೇಶದವರೇ ಆದ ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸೆನ್ನರು 1957ರಲ್ಲಿ ರೂಪಿಸಿದ ದೀಪಕ್ಕೂ ಬುರುಡೆಯನ್ನು ಮುಚ್ಚುವ ಮುಸುಕುಂಟು. ರಾತ್ರಿ ಬಂದ ಅತಿಥಿಗೆ ಮೆಟ್ಟಿಲು ಕಾಣಬೇಕು, ಬುರುಡೆ ಕಾಣಬೇಕಾಗಿಲ್ಲ. ಈ ವಿವೇಕವು ನಮ್ಮ ಹಂಚಿನ ಮಾಡಿನ ಮನೆಗಳಿಗೂ ಒಪ್ಪತಕ್ಕದ್ದೇ.

ಆದರೆ ಆ ರೂಪದ ದೀಪಗಳಲ್ಲಿ ಬಹಳಷ್ಟು ಒಳಕೋಣೆಗೆಂದೇ ಮಾಡಿದವು. ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲಿನ ಐ.ಪಿ. ಸಂಖ್ಯೆಯನ್ನು ಓದತಕ್ಕದ್ದು. ಅದರ ಮೊದಲನೆಯ ಅಂಕಿಯು ಧೂಳಿನ ತಡೆಯನ್ನೂ ಎರಡನೆಯದು ನೀರಿನ ತಡೆಯನ್ನೂ ಸೂಚಿಸುವುದು. ಆಳವಾದ ಜಗಲಿಗೆ 44 ಸಾಕು. ಮಳೆಗೆ ಮೈಯೊಡ್ಡಿದ ಗೋಡೆಗೆ 65 ಇರಲಿ.

ಇನ್ನು ಲೋಹದ ಮಾತು. ಕಬ್ಬಿಣದ ತಗಡಿನ ಕಪ್ಪು ಬಣ್ಣಕ್ಕೆ ಒಂದು ಗೀರು ಬಿದ್ದರೆ ಸಾಕು, ತುಕ್ಕು ಒಳಹೊಗುವುದು. ಹಿತ್ತಾಳೆಯು ಬಣ್ಣಗೆಟ್ಟೀತೇ ಹೊರತು ಬೇಗನೆ ಸವೆಯದು. ದೇವರ ದೀಪವನ್ನು ಹುಣಸೆಹುಳಿಯಿಂದ ಬೆಳಗುವ ಗೃಹಿಣಿಯರಿಗೆ ಇದನ್ನು ನಾವು ಹೇಳಿಕೊಡಬೇಕೇ? ಒಳ್ಳೆಯ ದೀಪಕ್ಕೆ ಅಗ್ಗದ ಕಬ್ಬಿಣದ ತಿರುಪು ಹಾಕಿ ಕೆಡಿಸುವವರೂ ಇದ್ದಾರೆ. ತಿರುಪುಗಳು ತುಕ್ಕು ಹಿಡಿಯದ ಉಕ್ಕಿನವೇ ಆಗಬೇಕು.

ಮುರಕಲ್ಲಿನ ಗೋಡೆಯು ಒರಟು, ತೂತುತೂತು. ದೀಪದ ತಳವು ಅದಕ್ಕೆ ಸರಿಯಾಗಿ ಒರಗದೆ ಹಿಂಬದಿಯಿಂದ ನೀರಿಳಿಯುವುದು. ಆದುದರಿಂದ ಅಷ್ಟು ಜಾಗಕ್ಕೆ ಗಾರೆ ಮಾಡಿಸಿ ಸಮತಟ್ಟುಗೊಳಿಸಿ, ತಳದ ಮೇಲ್ಬದಿಯನ್ನೂ ಇಕ್ಕೆಲಗಳನ್ನೂ ಮುಚ್ಚಿಸಿರಿ. ಕೆಳಗಿನ ಅಂಚನ್ನು ಮುಚ್ಚದಿದ್ದರೆ ಒಳಸೇರಿದ ನೀರು ಇಳಿದುಹೋಗುವುದು. ಹೊರಗಿನಿಂದ ಬರುವ ತಂತಿಯನ್ನು ಮೊದಲು ತುಸು ಕೆಳಕ್ಕೆ ಬಾಗಿಸಿ ಅನಂತರ ಒಳಗೆ ಸೇರಿಸತಕ್ಕದ್ದು. ಹನಿಯು ಬಾಗಿನಲ್ಲಿಯೇ ತೊಟ್ಟಿಕ್ಕಿಹೋಗುವುದು.

ಬೆಳಕು 2700 ಕೆಲ್ವಿನ್ನಿನ ಹಳದಿಯಾಗಿರಲಿ. ಬಿಳಿಯ ಬೆಳಕು ಹುಳುಗಳನ್ನು ಹೆಚ್ಚು ಸೆಳೆಯುವುದು. ಮೊದಲ ಮಳೆಯ ಸಂಜೆ ರೆಕ್ಕೆಯ ಗೆದ್ದಲುಗಳು ಜಗಲಿಯ ತುಂಬ ಉದುರುವುದನ್ನು ಕಂಡವರು ಒಪ್ಪುವರು. ಆಗ ಹಳದಿ ದೀಪವನ್ನೂ ಅರ್ಧ ಗಂಟೆ ಆರಿಸಿಡುವುದೇ ಲೇಸು.

ಲೋಹದ ದೀಪಕ್ಕೆ ಅರ್ಥಿಂಗ್ ತಂತಿಯನ್ನು ಜೋಡಿಸದೆ ಬಿಡಲೇಬಾರದು. ಜೊತೆಗೆ, 30 ಮಿಲಿಆಂಪಿಯರಿನಷ್ಟು ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಸಾಧನವನ್ನು ತಿಳಿದ ಕೆಲಸಗಾರನಿಂದ ಹಾಕಿಸಿರಿ. ಹಣ ಸಾಲದಾದರೆ ಬಾಗಿಲಿನ ಎರಡೂ ಬದಿಗೆ ದೀಪವೇಕೆ? ಒಂದನ್ನೇ ಕೊಂಡು, ಉಳಿದ ಹಣವನ್ನು ಈ ಸಾಧನಕ್ಕೆ ಹಾಕಿರಿ.