ಬೆರಕೆಯ ಹದ, ನಾಲಗೆಯ ತೀರ್ಪು

ಸ್ಕಾಚ್ ವಿಸ್ಕಿಯನ್ನು ಕುರಿತು ನಮ್ಮ ಮಿತ್ರಕೂಟಗಳಲ್ಲಿ ಒಂದು ನಂಬಿಕೆ ಬೇರೂರಿದೆ: 'ಸಿಂಗಲ್ ಮಾಲ್ಟ್' ಎಂದರೆ ಕುಲೀನ, 'ಬ್ಲೆಂಡೆಡ್' ಎಂದರೆ ಕಲಬೆರಕೆ. ನಾನೂ ಬಹುಕಾಲ ಹಾಗೆಯೇ ನಂಬಿ, ಅತಿಥಿಗಳೆದುರು ದುಬಾರಿ ಸಿಂಗಲ್ ಮಾಲ್ಟನ್ನೇ ತೆರೆದಿಡುತ್ತಿದ್ದವನು.

ಒಂದು ಶನಿವಾರ ಸಂಜೆ ಮಿತ್ರರೊಬ್ಬರು ಬಾಟಲಿಗಳನ್ನು ಮರೆಮಾಡಿ, ಅಂಕಿ ಬರೆದ ಮೂರು ಲೋಟಗಳನ್ನು ಮುಂದಿಟ್ಟರು. ಹೆಸರಿಲ್ಲ, ಬೆಲೆಯಿಲ್ಲ. ನಾನು ಮೊದಲ ಸ್ಥಾನವಿತ್ತದ್ದು ಎರಡನೆಯ ಲೋಟಕ್ಕೆ. ಅದು ನಾನು ಹೀಗಳೆಯುತ್ತಿದ್ದ ಬ್ಲೆಂಡೆಡ್ ಮಾಲ್ಟ್! ನಾನೇ ಕೊಂಡೊಯ್ದಿದ್ದ ಸಿಂಗಲ್ ಮಾಲ್ಟ್ ಕೊನೆಗುಳಿದಿತ್ತು.

ಬ್ಲೆಂಡೆಡ್ ಮಾಲ್ಟ್ ಎಂದರೆ ಎರಡು ಅಥವಾ ಹೆಚ್ಚು ಭಟ್ಟಿಗಳ ಸಿಂಗಲ್ ಮಾಲ್ಟ್‌ಗಳ ಮಿಶ್ರಣ. ಸಾಮಾನ್ಯ ಬ್ಲೆಂಡೆಡ್ ಸ್ಕಾಚ್‌ನಲ್ಲಿರುವ ಗ್ರೇನ್ ವಿಸ್ಕಿ ಇದರಲ್ಲಿ ಇರಕೂಡದು. ಹಿಂದೆ ಇದನ್ನು 'ವ್ಯಾಟೆಡ್ ಮಾಲ್ಟ್' ಅಥವಾ 'ಪ್ಯೂರ್ ಮಾಲ್ಟ್' ಎನ್ನುತ್ತಿದ್ದರು. 2003ರಲ್ಲಿ ಕಾರ್ಡು ಎಂಬ ಹೆಸರಾಂತ ಸಿಂಗಲ್ ಮಾಲ್ಟ್ ಅದೇ ಹೆಸರಿನಲ್ಲಿ 'ಪ್ಯೂರ್ ಮಾಲ್ಟ್' ಆಗಿ ಬಂದಾಗ ಉದ್ಯಮದಲ್ಲಿ ದೊಡ್ಡ ವಿವಾದವೆದ್ದಿತು. 2009ರ ಸ್ಕಾಚ್ ವಿಸ್ಕಿ ನಿಯಮಾವಳಿ 'ಬ್ಲೆಂಡೆಡ್ ಮಾಲ್ಟ್' ಎಂಬ ಹೆಸರನ್ನು ಸ್ಥಿರಗೊಳಿಸಿತು.

ಇದನ್ನು ಅಳೆಯುವ ಬಗೆ ಹೇಗೆ? ಬಣ್ಣವನ್ನು ನಂಬಬೇಡಿ, ಕ್ಯಾರಮೆಲ್ ಬೆರೆಸಲು ಕಾನೂನಿನ ಸಮ್ಮತಿಯಿದೆ. ಬಾಟಲಿಯ ಮೇಲಿನ ವಯಸ್ಸು ಮಿಶ್ರಣದ ಅತಿ ಕಿರಿಯ ವಿಸ್ಕಿಯದು. ಅದು ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಕಳೆದಿರಬೇಕು. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ಸುರಿದು, ತುಟಿಗಳನ್ನು ತುಸು ತೆರೆದು ಮೆಲ್ಲನೆ ಮೂಸಿರಿ. ಒಂದು ಗುಟುಕಿನ ಬಳಿಕ ಹನಿಹನಿಯಾಗಿ ನೀರು ಬೆರೆಸಿ ಮತ್ತೆ ಮೂಸಿರಿ. ವೃತ್ತಿನಿರತ ಬ್ಲೆಂಡರ್‌ಗಳು ವಿಸ್ಕಿಯನ್ನು ನೀರಿನಿಂದ ಸುಮಾರು ಶೇಕಡಾ 20ರ ಸಾಂದ್ರತೆಗಿಳಿಸಿ, ಹೆಚ್ಚಾಗಿ ಮೂಗಿನಿಂದಲೇ ನಿರ್ಣಯಿಸುತ್ತಾರೆ.

ಜಾನಿ ವಾಕರ್ ಗ್ರೀನ್ ಲೇಬಲ್‌ನ ಮಿಶ್ರಣದಲ್ಲಿ ಸ್ಕೈ ದ್ವೀಪದ ಟಾಲಿಸ್ಕರ್, ಐಲಾ ದ್ವೀಪದ ಕಲ್ ಈಲಾಗಳ ಹೊಗೆಯ ಜೊತೆಗೆ ಸ್ಪೇಸೈಡ್‌ನ ಲಿಂಕ್‌ವುಡ್, ಕ್ರಾಗನ್‌ಮೋರ್‌ಗಳ ಮೃದುತ್ವವೂ ಇದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೊಗೆಯು ಹೂವನ್ನು ನುಂಗಿತೇ, ಅಥವಾ ಎರಡೂ ಗುಟುಕಿನ ಕೊನೆಯವರೆಗೆ ಜೊತೆಗೂಡಿ ಬಂದುವೇ? ಒಳ್ಳೆಯ ಬಿಸಿಬೇಳೆಬಾತಿನಲ್ಲಿ ಚಕ್ಕೆಯಾಗಲಿ ಲವಂಗವಾಗಲಿ ತಾನೇ ಮೇಲೆದ್ದು ಕೂಗುವುದಿಲ್ಲ. ಹದ ಬಲ್ಲ ಕೈಯ ಗುಣ ಅದು.

ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾದಾಗ ಅಲ್ಲಿನವರಿಂದ ನಾವು ಬಯಸಿದ್ದಾದರೂ ಏನು? ಹೆಸರು ಕೇಳಿ ಮೂಗು ಮುರಿಯದೆ, ಮೂಗಿಟ್ಟು ನೋಡಿ ತೀರ್ಪು ಕೊಡಲಿ ಎಂದಲ್ಲವೇ? ಆ ನ್ಯಾಯವನ್ನು ನಾನು ಬೇರೊಂದು ಬಾಟಲಿಗೆ ನಿರಾಕರಿಸಿದ್ದೆ. ಈಗ ನಮ್ಮ ಮನೆಯಲ್ಲಿ ಅತಿಥಿಗಳಿಗೆ ಮೊದಲು ಬರುವುದು ಲೋಟ. ಬಾಟಲಿಯ ಹೆಸರು ಆಮೇಲೆ.