ಸಾಮಾನು ಕಟ್ಟುವ ಮುನ್ನ

ಫೆಬ್ರುವರಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬಸವೇಶ್ವರನಗರದ ನಮ್ಮ ನೆರೆಮನೆಯ ಗೃಹಸ್ಥರು ಕೈಯಲ್ಲಿ ಉದ್ದವಾದ ಪಟ್ಟಿಯೊಂದನ್ನು ಹಿಡಿದುಕೊಂಡು ಬಂದರು. ಮುಖದಲ್ಲಿ ಸಂತೋಷವೂ ಇತ್ತು, ಗಾಬರಿಯೂ ಇತ್ತು.

“ಪುಣೆಗೆ ವರ್ಗವಾಗಿದೆ, ಸಾರ್. ಸಂಬಳವೇನೋ ಏರುತ್ತದೆ. ಆದರೆ ಏಪ್ರಿಲ್ ಮುಗಿಯುವುದರೊಳಗೆ ಸಂಸಾರ ಸಮೇತ ಹೊರಡಬೇಕು. ಲಾರಿಯವರು ಹೇಳುವ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಇದರಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು, ಸ್ವಲ್ಪ ನೋಡಿಕೊಡಿ” ಎಂದರು.

ಪಟ್ಟಿಯನ್ನು ಓದಿದೆನು. ಬೀರು, ಫ್ರಿಜ್ಜು, ಎರಡು ಮಂಚ, ತಾಯಿಯವರ ಕಾಲದ ಒರಳುಕಲ್ಲು, ತುಳಸಿಯ ಕುಂಡ, ಕಾರು, ಸ್ಕೂಟರು ಎಲ್ಲವೂ ಅದರಲ್ಲಿದ್ದವು. ಮಕ್ಕಳ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಇದು ನಗೆಯ ಮಾತಲ್ಲ. ಪರರಾಜ್ಯಕ್ಕೆ ಹೊರಡುವ ನಮ್ಮ ಮಧ್ಯಮ ವರ್ಗದ ಕುಟುಂಬಗಳಲ್ಲಿ ಹತ್ತಕ್ಕೆ ಒಂಬತ್ತು ಮೊದಲು ಲಾರಿಯನ್ನು ಗೊತ್ತುಮಾಡುತ್ತವೆ, ಆಮೇಲೆ ಮನೆಯನ್ನು, ಕೊನೆಯಲ್ಲಿ ಶಾಲೆಯನ್ನು. ಈ ಕ್ರಮವು ತಲೆಕೆಳಗು. ಶಾಲೆಯ ಕಾಗದಪತ್ರಗಳ ನಡುವೆಯೇ ಬಹುಕಾಲ ಕಳೆದವನಾದುದರಿಂದ ನಾನು ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದೆನು: “ಮಕ್ಕಳು ಎಷ್ಟನೆಯ ತರಗತಿ?”

“ಮಗಳು ಎಂಟನೆಯದು ಮುಗಿಸುತ್ತಾಳೆ. ಮಗ ಮೂರನೆಯದು. ಚಿಂತೆಯೆಲ್ಲ ಮಗಳದೇ. ಹುಡುಗ ಇನ್ನೂ ಚಿಕ್ಕವನು, ಎಲ್ಲಿ ಹಾಕಿದರೂ ಕಲಿತುಕೊಳ್ಳುತ್ತಾನೆ.”

“ಎಷ್ಟು ಕಾಲ ಅಲ್ಲಿರುತ್ತೀರಿ?”

“ಮೂರು ವರ್ಷ ಎಂದಿದ್ದಾರೆ. ಆದರೆ ಕಂಪೆನಿಯವರ ಮೂರು ಆರಾಗುವುದೂ ಉಂಟು.”

ಒಂದು ದೇಶದೊಳಗೇ ಊರು ಬದಲಿಸುವವನಿಗೆ ಇಷ್ಟೆಲ್ಲ ಲೆಕ್ಕಾಚಾರವೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ. ನಮ್ಮ ರಾಜಾಜಿನಗರದಿಂದ ಯಶವಂತಪುರದತ್ತ ತಿರುಗಿ ತುಮಕೂರು ರಸ್ತೆಯನ್ನು ಹಿಡಿದರೆ, ಅದೇ ಹೆದ್ದಾರಿಯು ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಸುಮಾರು 840 ಕಿಲೋಮೀಟರು ಓಡಿ ಪುಣೆಯನ್ನು ಸೇರುತ್ತದೆ. ನಿಪ್ಪಾಣಿಯಾಚೆ ಗಡಿ ದಾಟುವಾಗ ಹೆಸರೇನು, ಊರೇನು ಎಂದು ಕೇಳುವವರಿಲ್ಲ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ನಾಗರಿಕನಿಗೆ ಕೊಟ್ಟಿದೆ. ಮನುಷ್ಯನು ಗಡಿ ದಾಟುವುದು ಅಷ್ಟು ಸುಲಭ. ದಾಟಲು ತಕರಾರು ಮಾಡುವುದು ಅವನ ಕಾಗದಗಳು.

ಮುಖ್ಯವಾದ ಕಾಗದವನ್ನು ಮೊದಲು ನೋಡೋಣ. ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಔಷಧ ವಿಜ್ಞಾನ ಮೊದಲಾದ ವೃತ್ತಿ ಶಿಕ್ಷಣಗಳ ಸರ್ಕಾರಿ ಸೀಟುಗಳನ್ನು ಹಂಚುವುದು ಮಲ್ಲೇಶ್ವರದಲ್ಲಿ ಕಚೇರಿಯುಳ್ಳ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ವೈದ್ಯಕೀಯದ ಪ್ರವೇಶ ಪರೀಕ್ಷೆಯು ಅಖಿಲ ಭಾರತದ್ದಾದರೂ ರಾಜ್ಯದ ಪಾಲಿನ ಸೀಟುಗಳ ಹಂಚಿಕೆಯು ಇದರ ಮೂಲಕವೇ. ಸರ್ಕಾರಿ ಸೀಟನ್ನು ಬೇಡುವ ವಿದ್ಯಾರ್ಥಿಗೆ ಇರುವ ಸಾಮಾನ್ಯ ಅರ್ಹತೆ ಇದು: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ 12 ವರ್ಷಗಳಲ್ಲಿ ಕನಿಷ್ಠ 7 ಪೂರ್ಣ ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು, ಅಲ್ಲದೆ ಹತ್ತನೆಯ ತರಗತಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿಯೇ ಪಾಸು ಮಾಡಿರಬೇಕು. ಪಠ್ಯಕ್ರಮವು ರಾಜ್ಯದ್ದೋ ಕೇಂದ್ರದ್ದೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಶಾಲೆಯು ಕರ್ನಾಟಕದ ನೆಲದ ಮೇಲಿದ್ದು ಮಾನ್ಯತೆ ಪಡೆದಿರಬೇಕು. ಅಪ್ಪ ಅಮ್ಮ ಕನ್ನಡಿಗರೆಂಬುದಾಗಲಿ, ಮನೆ ಬಸವೇಶ್ವರನಗರದಲ್ಲಿದೆಯೆಂಬುದಾಗಲಿ, ಮಗು ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ ಎಂಬುದಾಗಲಿ ಈ ಲೆಕ್ಕದಲ್ಲಿ ಬರುವುದಿಲ್ಲ.

ಒಂದು ಕಾಗದದ ಮೇಲೆ ಎರಡು ಗೆರೆ ಎಳೆದು ಲೆಕ್ಕ ಹಾಕಿದೆವು. ಮಗಳು ಎಂಟು ವರ್ಷ ಇಲ್ಲಿಯೇ ಓದಿದ್ದಾಳೆ. ಏಳರ ಷರತ್ತು ಆಗಲೇ ತೀರಿತು. ಅವಳಿಗೆ ಉಳಿದಿರುವುದು ಒಂದು ಪರೀಕ್ಷೆ ಮಾತ್ರ. ಒಂಬತ್ತು, ಹತ್ತು ಪುಣೆಯಲ್ಲಿ ಓದಿ ಪಿಯುಸಿಗೆ ಇಲ್ಲಿಗೆ ಬಂದರೆ ಬಾಗಿಲು ತೆರೆದೇ ಇರುತ್ತದೆ. ಬಾರದಿದ್ದರೆ, ಎಂಟು ವರ್ಷ ಓದಿದ್ದೂ ಈ ನಿಯಮದ ಮಟ್ಟಿಗೆ ವ್ಯರ್ಥ. ಮಗನ ಲೆಕ್ಕ ಬೇರೆ. ಅವನ ಖಾತೆಯಲ್ಲಿರುವುದು ಮೂರು ವರ್ಷ. ಅಕ್ಕನಂತೆ ಪಿಯುಸಿಗೆಂದು ಬಂದರೆ ಮೂರಕ್ಕೆ ಎರಡು ಸೇರಿ ಐದಾಗುತ್ತದೆ, ಏಳಾಗುವುದಿಲ್ಲ. ಒಂಬತ್ತನೆಯ ತರಗತಿಯ ಮೊದಲ ದಿನಕ್ಕೇ ಬಂದು ಕುಳಿತರೆ ಮೂರಕ್ಕೆ ನಾಲ್ಕು ಸೇರಿ ಸರಿಯಾಗಿ ಏಳು.

ತಂದೆಯವರು ಬಹಳ ಹೊತ್ತು ಆ ಗೆರೆಗಳನ್ನು ನೋಡಿದರು. “ಚಿಂತೆ ಮಾಡಬೇಕಾದದ್ದು ಚಿಕ್ಕವನದು ಅಂತಾಯಿತು” ಎಂದರು.

ಅದು ಅರ್ಧ ಸತ್ಯ. ಹುಡುಗಿಗೆ ಇರುವ ಅವಕಾಶ ಎರಡು ವರ್ಷದ್ದು, ಹುಡುಗನಿಗೆ ಐದು ವರ್ಷದ್ದು. ಕಂಪೆನಿಯ ಮೂರು ವರ್ಷ ಮೂರಾಗಿಯೇ ಉಳಿದರೂ ಹುಡುಗಿಯ ಗಡುವು ಮೊದಲೇ ಮುಗಿಯುತ್ತದೆ.

“ಹಾಗಾದರೆ ಅಲ್ಲಿಯವರೇ ಆಗಿಬಿಡುತ್ತೇವೆ” ಎಂದು ಕೆಲವರು ಧೈರ್ಯ ತೋರಿಸುವುದುಂಟು. ಅಲ್ಲಿಯೂ ಗೇಟಿಗೆ ಬೀಗವಿದೆ. ಮಹಾರಾಷ್ಟ್ರದಲ್ಲಿ ವೈದ್ಯಕೀಯದ ರಾಜ್ಯ ಪಾಲಿನ ಸೀಟಿಗೆ ಸಾಮಾನ್ಯವಾಗಿ ಹತ್ತು, ಹನ್ನೆರಡು ಎರಡೂ ಪರೀಕ್ಷೆಗಳನ್ನು ಅಲ್ಲಿಯೇ ಪಾಸು ಮಾಡಿರಬೇಕು; ಜೊತೆಗೆ ನಿವಾಸದ ಪ್ರಮಾಣಪತ್ರ ಬೇಕು. ಆ ಪತ್ರಕ್ಕೆ ಸಾಮಾನ್ಯ ನಿಯಮ 15 ವರ್ಷದ ವಾಸ. ಎಂಟನೆಯ ತರಗತಿ ಮುಗಿಸಿ ಹೋದ ಹುಡುಗಿಗೆ ಹನ್ನೆರಡು ಮುಗಿಯುವಾಗ ಅಲ್ಲಿ ನಾಲ್ಕು ವರ್ಷವಾಗಿರುತ್ತದೆ. ಇತ್ತ ಕರ್ನಾಟಕದ ಪರೀಕ್ಷೆ ಒಂದೂ ಇಲ್ಲ, ಅತ್ತ ಮಹಾರಾಷ್ಟ್ರದ ವಾಸ ಸಾಲದು. ಚೆನ್ನಾಗಿ ಓದುವ ಮಗು ಎರಡು ರಾಜ್ಯಗಳ ನಡುವೆ ತ್ರಿಶಂಕುವಾಗಿ ನಿಲ್ಲುವುದು ಹೀಗೆ. ಇದು ಯಾರ ದುರುದ್ದೇಶವೂ ಅಲ್ಲ. ಪ್ರತಿಯೊಂದು ರಾಜ್ಯವೂ ತನ್ನ ಮಕ್ಕಳಿಗೆಂದು ಬೇಲಿ ಹಾಕಿಕೊಂಡಿದೆ, ಬೇಲಿಗಳ ನಡುವಿನ ಓಣಿಯಲ್ಲಿ ನಡೆಯುವವನನ್ನು ಯಾರೂ ನೆನೆಯಲಿಲ್ಲ.

ನೆನೆದ ಕಾಲವೂ ಒಂದಿತ್ತು. 1956ನೆಯ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದವರು ಮುಂಬಯಿ ರಾಜ್ಯದಿಂದಲೂ, ಬೀದರ, ಗುಲ್ಬರ್ಗ, ರಾಯಚೂರಿನವರು ಹೈದರಾಬಾದಿನಿಂದಲೂ, ಮಂಗಳೂರಿನವರು ಮದರಾಸಿನಿಂದಲೂ ಹೊಸ ರಾಜ್ಯಕ್ಕೆ ಬಂದರು. ಕೊಡಗು ಇಡಿಯಾಗಿ ಬಂದಿತು. ಬಹುಪಾಲು ಜನರು ಮನೆಯ ಹೊಸ್ತಿಲನ್ನೂ ದಾಟದೆ ಹೊಸ ರಾಜ್ಯ ಸೇರಿದವರು. ಸರ್ಕಾರಿ ನೌಕರರಲ್ಲಿ ಅನೇಕರು ಮಾತ್ರ ಹೆಂಡಿರು ಮಕ್ಕಳೊಡನೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬರಬೇಕಾಯಿತು. ರಾಜ್ಯ ಪುನರ್ವಿಂಗಡಣೆಯ ಕಾನೂನಿನ 115ನೆಯ ಕಲಮು ಅಂಥವರನ್ನು ನೆನಪಿನಲ್ಲಿಟ್ಟುಕೊಂಡಿತ್ತು: ಹಾಗೆ ಹಂಚಿಹೋದ ನೌಕರರ ಸೇವಾ ಷರತ್ತುಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದು. ಜ್ಯೇಷ್ಠತೆಯ ಪಟ್ಟಿಗಳ ಜಗಳ ವರ್ಷಗಟ್ಟಲೆ ನಡೆದುದು ಬೇರೆಯ ಮಾತು. ಕಾನೂನಿನಲ್ಲಿ ಒಂದು ಸಾಲಾದರೂ ಇತ್ತು. ಇಂದು ಖಾಸಗಿ ಕಂಪೆನಿಯ ಕಾಗದವೊಂದನ್ನು ನಂಬಿ ಹೊರಡುವ ಗೃಹಸ್ಥನಿಗೆ ಅಂಥ ಕಲಮು ಇಲ್ಲ. ಸೈನಿಕರ ಹಾಗೂ ಕೆಲವು ವರ್ಗದ ಕೇಂದ್ರ ನೌಕರರ ಮಕ್ಕಳಿಗೆ ಪ್ರಾಧಿಕಾರದ ನಿಯಮಗಳಲ್ಲಿ ಪ್ರತ್ಯೇಕ ಉಪಬಂಧಗಳಿವೆ. ಅವರು ಪ್ರತಿ ವರ್ಷದ ಮಾಹಿತಿ ಪುಸ್ತಕವನ್ನು ಓದಿಕೊಳ್ಳುವುದು ಲೇಸು.

ಹಿಂದುಳಿದ ವರ್ಗ ಮತ್ತು ಪರಿಶಿಷ್ಟರ ಕುಟುಂಬಗಳಿಗೆ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮ 2ಎ, 3ಬಿ ಮುಂತಾದ ಪ್ರವರ್ಗಗಳು ಕರ್ನಾಟಕದ ಗಡಿಯಾಚೆ ಬರಿಯ ಅಕ್ಷರಗಳು. ಪರಿಶಿಷ್ಟ ಜಾತಿ, ಪಂಗಡದವರ ಸಂಗತಿಯೂ ಹೆಚ್ಚು ಭಿನ್ನವಲ್ಲ. ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ವಲಸೆ ಹೋದ ರಾಜ್ಯದಲ್ಲಿ ಆ ಸೌಲಭ್ಯವನ್ನು ಹಕ್ಕಾಗಿ ಕೇಳಲಾರನೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿದೆ. ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶಕ್ಕೆ ಆಂಧ್ರದ ವಿದ್ಯಾರ್ಥಿಯೊಬ್ಬರು ಹೂಡಿದ ಮೊಕದ್ದಮೆ ಅದು. ಜಾತಿಯು ಮನುಷ್ಯನೊಡನೆ ಗಡಿ ದಾಟುತ್ತದೆ, ಅದಕ್ಕೆ ಕೊಟ್ಟ ಪರಿಹಾರ ಈಚೆಯೇ ಉಳಿಯುತ್ತದೆ. ಹೊರಡುವ ಮೊದಲು ತಹಶೀಲ್ದಾರರ ಕಚೇರಿಯಿಂದ ಮಕ್ಕಳ ಹೆಸರಿನಲ್ಲಿಯೂ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಕೇಂದ್ರದ ಸೌಲಭ್ಯಗಳಿಗೂ, ಹಿಂದಿರುಗಿದಾಗ ಇಲ್ಲಿಯ ಸೌಲಭ್ಯಗಳಿಗೂ ಉಪಯೋಗವಾಗುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ನೆರೆಯವರು ಅಷ್ಟು ಹೆದರಬೇಕಾಗಿರಲಿಲ್ಲ. ನಾವು 2015ರ ಕಾನೂನಿನಿಂದ ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದಂತೆ ಮಹಾರಾಷ್ಟ್ರವು 2020ರಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದೆ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ ಇದೇ ದಾರಿ ಹಿಡಿದಿವೆ. ನಾವು ನಮ್ಮ ಮನೆಗೆ ಬಂದವರಿಂದ ಬಯಸುವುದನ್ನೇ ಅವರೂ ಬಯಸುತ್ತಾರೆ. ಗೊಣಗುವ ಹಕ್ಕು ನಮಗಿಲ್ಲ. ಹಿಂದಿ ಓದಿದ ಮಗುವಿಗೆ ಮರಾಠಿಯ ಲಿಪಿ ಹೊಸದಲ್ಲ. ಅಲ್ಲಿಯ ‘ತೂಪ್’ ನಮ್ಮ ತುಪ್ಪವೇ ಎಂದು ತಿಳಿದಾಗ ಹುಡುಗನಿಗೆ ಬಹಳ ಆನಂದವಾಯಿತು. ಆದರೆ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಗೆ ಯಾವ ಭಾಷೆ ಎಷ್ಟನೆಯದಾಗಿ ಬರುತ್ತದೆಂಬುದನ್ನು ಶುಲ್ಕ ಕಟ್ಟುವ ಮೊದಲೇ ಶಾಲೆಯಲ್ಲಿ ಕೇಳಿ ತಿಳಿಯಬೇಕು.

ಕನ್ನಡವನ್ನು ಉಳಿಸಿಕೊಳ್ಳುವ ಪ್ರಶ್ನೆ ನಿಜವಾಗಿ ಚಿಕ್ಕವನದು. ಮೂರನೆಯ ತರಗತಿಯ ಕನ್ನಡವು ಆರು ತಿಂಗಳ ಅಲಕ್ಷ್ಯಕ್ಕೆ ಅಳಿಸಿಹೋಗತಕ್ಕದ್ದು. ಅದೃಷ್ಟಕ್ಕೆ ಪುಣೆಯಲ್ಲಿ ಕನ್ನಡ ಸಂಘವು ಶಾಲೆಗಳನ್ನೇ ನಡೆಸುತ್ತಿದೆ. ಮುಂಬಯಿಯಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ ಇದೆ. ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ. ದೆಹಲಿಯಲ್ಲಿ ಕನ್ನಡ ಶಾಲೆಯಿದೆ. ಹೊರನಾಡಿನಲ್ಲಿ ಬೇರೂರಿದ ಹಿಂದಿನ ತಲೆಮಾರಿನವರು ಸಂಬಳದ ಉಳಿಕೆಯಲ್ಲಿ ಕಟ್ಟಿದವು ಇವು. ಯುಗಾದಿಗೆ ಮಾತ್ರ ಹೋಗಿ ಹೋಳಿಗೆ ತಿಂದು ಬರುವುದಕ್ಕೆ ಕಟ್ಟಿದವಲ್ಲ.

ಇನ್ನು ವಾಹನ. ಒಂದು ರಾಜ್ಯದ ವಾಹನವು 12 ತಿಂಗಳಿಗೂ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿರುವುದಾದರೆ ಅಲ್ಲಿಯ ಹೊಸ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾನೂನು ಹೇಳುತ್ತದೆ. ನಮ್ಮ ಕಡೆಯ ಗಾಡಿಗಳು ಹೆಚ್ಚಾಗಿ ಕೆಎ 02. ರಾಜಾಜಿನಗರದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು, ಕೆಂಗೇರಿಯ ಕೆಎ 41 ಆದರೆ ಜ್ಞಾನಭಾರತಿಯಿಂದ. ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಅಲ್ಲಿ ಮತ್ತೆ ತೆರಿಗೆ, ಇಲ್ಲಿ ಉಳಿದ ತೆರಿಗೆಯ ವಾಪಸಾತಿಗೆ ಅರ್ಜಿ. ನೆರೆಯವರ ಸ್ಕೂಟರು ಹತ್ತು ವರ್ಷ ಹಳೆಯದು, ಮಾರಿಬಿಡಿರೆಂದು ಹೇಳಿದೆನು. ಮತದಾರರ ಪಟ್ಟಿಯ ಹೆಸರನ್ನು ನಮೂನೆ 8ರ ಮೂಲಕ ವರ್ಗಾಯಿಸಬಹುದು, ಅಡುಗೆ ಅನಿಲಕ್ಕೆ ಸಿಲಿಂಡರು ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆದರಾಯಿತು. ಬಾಡಿಗೆಯ ಕರಾರನ್ನು ಮಹಾರಾಷ್ಟ್ರದಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. ನೋಂದಣಿಯಿಲ್ಲದ ಮನೆಗೆ ಹೋಗಬಾರದು.

ಶಾಲೆಯ ಕಾಗದಗಳಿಗೆ ಮತ್ತೆ ಬರುತ್ತೇನೆ. ವರ್ಗಾವಣೆ ಪತ್ರವನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ವ್ಯಾಸಂಗ ಪ್ರಮಾಣಪತ್ರವನ್ನು ಮರೆಯುತ್ತಾರೆ. ಯಾವ ತರಗತಿಯನ್ನು ಯಾವ ವರ್ಷ ಈ ಶಾಲೆಯಲ್ಲಿ ಓದಿದನೆಂದು ಮುಖ್ಯೋಪಾಧ್ಯಾಯರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಹಾಕಿದ ಪತ್ರ ಅದು. ಒಂಬತ್ತು ವರ್ಷದ ನಂತರ ಮಗನ ಮೂರು ವರ್ಷಗಳಿಗೆ ಸಾಕ್ಷಿ ಹೇಳುವುದು ಅದೇ. ಅಷ್ಟರಲ್ಲಿ ಚಿಕ್ಕ ಖಾಸಗಿ ಶಾಲೆಗಳು ಮುಚ್ಚಿಹೋಗುವುದೂ ಉಂಟು.

ಇಷ್ಟು ಹೊತ್ತೂ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ನೆರೆಮನೆಯ ಅಜ್ಜಿ ಆಗ ಬಾಯಿ ಬಿಟ್ಟರು: “ಅಲ್ಲಾ, ಇವನು ಒಂದರಿಂದ ಹತ್ತರವರೆಗೂ ರಾಜಾಜಿನಗರದಲ್ಲೇ ಓದಿದನಲ್ಲ, ಅದಕ್ಕೇನೂ ಬೆಲೆಯಿಲ್ಲವೇ?”

ಬೆಲೆಯಿತ್ತು. ನಾನೇ ಹೇಳಲು ಮರೆತಿದ್ದೆನು. ಅದೇ ನಿಯಮಾವಳಿಯಲ್ಲಿ ಎರಡನೆಯ ಉಪಬಂಧವೊಂದಿದೆ: ತಂದೆ ಅಥವಾ ತಾಯಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದವರಾಗಿದ್ದರೆ, ಮಗುವು ಪ್ರಥಮ ಹಾಗೂ ದ್ವಿತೀಯ ಪಿಯುಸಿಗಳೆರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾದರೆ ಸಾಕು. ಮಗನ ಎರಡು ವರ್ಷದ ಕೊರತೆಯನ್ನು ತಂದೆಯ ಹತ್ತು ವರ್ಷ ತುಂಬಿಕೊಡುತ್ತದೆ. ಆದರೆ ತಂದೆಯು ಓದಿದ್ದನ್ನೂ ಕಾಗದವೇ ಹೇಳಬೇಕು.

ಮರುದಿನವೇ ಅವರು ರಜೆ ಹಾಕಿ ತಮ್ಮ ಹಳೆಯ ಶಾಲೆಗೆ ಹೋದರು. ಗುಮಾಸ್ತರು ಧೂಳು ಕೊಡವಿ ದಾಖಲಾತಿಯ ಪುಸ್ತಕ ತೆಗೆದರು. ಹೆಸರಿನ ಕಾಗುಣಿತದಲ್ಲಿ ಒಂದು ದೀರ್ಘ ಹೆಚ್ಚಾಗಿತ್ತಂತೆ. ಅದನ್ನು ಸರಿಪಡಿಸಿಕೊಳ್ಳಲು ಇನ್ನೆರಡು ಸಲ ಅಲೆಯಬೇಕಾಯಿತು.

ಸಂಜೆ ಪಟ್ಟಿಯನ್ನು ಮತ್ತೆ ತಂದರು. ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆಯನ್ನು ಬಿಟ್ಟಿದ್ದರು. ಎರಡು ವರ್ಷದ ನಂತರ ಮೊಮ್ಮಗಳು ಪಿಯುಸಿಗೆ ಬರುವಾಗ ಬಾಗಿಲು ತೆರೆಯುವವರು ಬೇಕೆಂದು ಹೇಳಿ ಅಜ್ಜಿ ಪುಣೆಗೆ ಹೊರಡಲು ಒಪ್ಪಲಿಲ್ಲವಂತೆ. ಪಟ್ಟಿಯಲ್ಲಿ ಒರಳುಕಲ್ಲು, ತುಳಸಿಯ ಕುಂಡ, ಒಂದು ಮಂಚ ಇವುಗಳ ಮೇಲೆ ಗೆರೆ ಎಳೆದಿತ್ತು.